ಬೋರ್‌ಘಾಟ್ ಕಡಿದವರು ಯಾರು?



ಮುಂಬೈಯಿಂದ ಪುಣೆಗೆ ಹೋಗುವ ರೈಲು ಕರ್ಜತ್ ದಾಟಿ ಬೋರ್‌ಘಾಟ್ ಹತ್ತುತ್ತದೆ. ಇದು ಇಂಜಿನಿಯರಿಂಗಿನ ದೊಡ್ಡ ಸಾಹಸ ಅಂತಾರೆ. ಸುಳ್ಳೇನಲ್ಲ. 1856ರಲ್ಲಿ ಶುರುವಾಗಿ 1863ರಲ್ಲಿ ಮುಗಿದ ಆ ದಾರಿ ಸುಮಾರು 25 ಕಿಲೋಮೀಟರಿನಲ್ಲಿ 1,831 ಅಡಿ ಏರಿತು. ದಾರಿಗೆ 25 ಸುರಂಗ. ತೀರಾ ಕಡಿದಾದ ಕಡೆ 37 ಅಡಿ ಮುಂದೆ ಹೋದರೆ ಒಂದಡಿ ಮೇಲೆ.

ನಕ್ಷೆ ಹಾಕಿದವರ ಮುಖ್ಯಸ್ಥ ಜೇಮ್ಸ್ ಬರ್ಕ್ಲಿ. ಮೊದಲ ಗುತ್ತಿಗೆದಾರ ಫೇವಿಯಲ್. ಆಮೇಲೆ ಟ್ರೆಡ್‌ವೆಲ್; ಅವನು ಬಂದ ಸ್ವಲ್ಪ ದಿನಕ್ಕೇ ಸತ್ತಾಗ ಹೆಂಡತಿ ಆಲಿಸ್ ಗುತ್ತಿಗೆ ಮುಂದುವರಿಸಿದಳು. ಇವರ ಹೆಸರೆಲ್ಲ ಉಳಿದಿವೆ. 1861ರಲ್ಲಿ ಅಲ್ಲಿ ದುಡಿಯುತ್ತಿದ್ದವರು 42,000ಕ್ಕೂ ಹೆಚ್ಚು ಜನ. ಅವರಲ್ಲಿ ಒಬ್ಬರ ಹೆಸರು ಹೇಳಿ ನೋಡೋಣ?

ಸೊಂಟಕ್ಕೆ ಹಗ್ಗ ಬಿಗಿದು ಪ್ರಪಾತಕ್ಕೆ ಇಳಿಬಿಟ್ಟ ಮನುಷ್ಯರು ಬಂಡೆಗೆ ತೂತು ಕೊರೆದು ಮದ್ದು ತುಂಬಿದರು. ಹೆಂಗಸರು ಮಕ್ಕಳು ಮಣ್ಣು ಹೊತ್ತರು. ಕಾಲರಾ ಬಂದಾಗ ಗುಡಿಸಲು ಗುಡಿಸಲೇ ಖಾಲಿಯಾದವು.

ಆದರೆ ಇವರು ಬರೀ ಸತ್ತವರಲ್ಲ. ಕೂಲಿ ಬಾಕಿ ಉಳಿಸಿಕೊಂಡಿದ್ದಕ್ಕೆ 1859ರ ಜನವರಿಯಲ್ಲಿ ತಿರುಗಿ ಬಿದ್ದರು, ಬಿಳಿ ಮೇಸ್ತ್ರಿಗಳ ಮೇಲೆ ಏರಿ ಹೋದರು. ಅದೇ ವರ್ಷ ಫೇವಿಯಲ್ ಗುತ್ತಿಗೆ ಬಿಟ್ಟ. 1860ರಲ್ಲಿ ಸರ್ಕಾರ ಒಂದು ಕಾಯ್ದೆ ತಂತು. ಕೂಲಿಯ ತಗಾದೆಯನ್ನು ಮ್ಯಾಜಿಸ್ಟ್ರೇಟ್ ಬೇಗ ತೀರಿಸಬೇಕು ಅಂತ ಅದರಲ್ಲಿತ್ತು. ಮುಂಗಡ ಮಾತಿಗೆ ತಪ್ಪಿ ಕೆಲಸ ಬಿಟ್ಟ ಕೂಲಿಗೆ ಜೈಲು ಅಂತಲೂ ಇತ್ತು. ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಸಿಯೋದು ಅಂದ್ರೆ ಇದೇ.

ಇದು ಮರಾಠಿ ಸೀಮೆಯ ಕತೆ, ನಮಗೇನು ಅನ್ನಬೇಡಿ. ದಖ್ಖನ್ನಿನ ರೈಲು ದಾರಿಗಳ ಕಲ್ಲು ಮಣ್ಣಿನ ಕೆಲಸದಲ್ಲಿ ಪಳಗಿದ ಕೈ ವಡ್ಡರದು. ಅವರ ಮಕ್ಕಳು ಇವತ್ತು ನಮ್ಮ ಹಾಸ್ಟೆಲಿನಲ್ಲಿ ನಮ್ಮ ಪಕ್ಕದಲ್ಲೇ ಕೂತು ಉಣ್ಣುತ್ತಾರೆ. ಬೆಟ್ಟ ಸೀಳುವ ವಿದ್ಯೆ ಗೊತ್ತಿದ್ದವರನ್ನು 'ಅಕ್ಷರ ಇಲ್ಲದವರು' ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ಬಂಡೆಯ ಎಳೆ ನೋಡಿ ಎಲ್ಲಿ ಉಳಿ ಇಟ್ಟರೆ ಸೀಳುತ್ತೆ ಅಂತ ಹೇಳೋದು ವಿದ್ಯೆಯಲ್ಲದೆ ಮತ್ತೇನು?

ರಜೆಗೆ ಊರಿಗೆ ಹೋದಾಗ ಅಜ್ಜ ಅಜ್ಜಿಯರನ್ನು ಕೇಳೋಣ: ಯಾವ ಸೇತುವೆ ಕಟ್ಟಿದಿರಿ, ಯಾವ ಕೆರೆ ತೋಡಿದಿರಿ, ಯಾರು ಕೂಲಿ ಕೊಡಲಿಲ್ಲ? ಹೆಸರು ಸಮೇತ ಬರೆದುಕೊಳ್ಳೋಣ. ಬೋರ್‌ಘಾಟಿನವರ ಹೆಸರು ಕಳೆದುಹೋಗಿವೆ. ನಮ್ಮವರ ಹೆಸರು ನಮ್ಮ ಕಣ್ಣೆದುರೇ ಕಳೆದರೆ ತಪ್ಪು ಬಿಳಿಯರದ್ದಲ್ಲ, ನಮ್ಮದು.