ಅಂಗಳದ ನೆರಳಿಗೆ ಜೀಬ್ರಾ ಬಳ್ಳಿ: ತೋಟಕ್ಕೆ ಇಳಿಯದಿರಲಿ

ಮನೆಯ ಮುಂದಿನ ಹಳೆಯ ಹಲಸಿನ ಮರದ ಬುಡದಲ್ಲಿ ಏನೂ ಏಳುವುದಿಲ್ಲವೆಂಬ ದೂರು ಮಲೆನಾಡಿನಲ್ಲಿ ಸಾಮಾನ್ಯ. ಅಲ್ಲಿ ಗರಿಕೆ ನಿಲ್ಲದು, ಹೂಗಿಡಗಳು ಸೊರಗುತ್ತವೆ. ದಿನವೂ ದರಗು ಗುಡಿಸಿ ನೆಲವನ್ನು ಬೋಳು ಮಾಡುವ ರೂಢಿ ಬೇರೆ. ಎಲೆಗಳಿಂದ ತೊಟ್ಟಿಕ್ಕುವ ದಪ್ಪ ಹನಿಗಳು ಈ ಬೋಳು ನೆಲವನ್ನು ಕುಟ್ಟಿ ಮಣ್ಣನ್ನು ಸಡಿಲಿಸುತ್ತವೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಮರದ ಬೇರುಗಳು ಮೇಲೆದ್ದು ಕಾಣುತ್ತವೆ. ಇಂಥ ನೆಲಕ್ಕೆ ಹೊದಿಕೆ ಬೇಕೆಂಬುದರಲ್ಲಿ ಎರಡು ಮಾತಿಲ್ಲ.

ಈಚೆಗೆ ಅನೇಕ ಮನೆಗಳ ಗೃಹಿಣಿಯರು ಇದಕ್ಕಾಗಿ ಜೀಬ್ರಾ ಬಳ್ಳಿಯನ್ನು ಆರಿಸಿಕೊಳ್ಳುತ್ತಿದ್ದಾರೆ. ಎಲೆಯ ಮೇಲೆ ಎರಡು ಬೆಳ್ಳಿಪಟ್ಟೆ, ಅಡಿಯಲ್ಲಿ ನೇರಳೆ ಬಣ್ಣ, ನೋಡಲು ಚೆಂದ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ ಇದರ ತವರು. ಟ್ರಡೆಸ್ಕಾಂಟಿಯ ಜೀಬ್ರಿನ ಎಂಬುದು ಸಸ್ಯಶಾಸ್ತ್ರದ ಹೆಸರು. ನಮ್ಮ ಹೊಲದ ಕನ್ನೆ ಸೊಪ್ಪು ಇದೇ ಕುಟುಂಬದ್ದು. ಕನ್ನೆ ಸೊಪ್ಪನ್ನು ಕಿತ್ತು ಬದುವಿನ ಮೇಲೆ ಎಸೆದರೆ ಅಲ್ಲೇ ಬೇರೂರುವುದನ್ನು ಬಲ್ಲ ರೈತರಿಗೆ ಈ ಬಳ್ಳಿಯ ಸ್ವಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಳೆಸುವುದು ಸುಲಭ. ಮುಂಗಾರು ಹಿಡಿದ ಮೇಲೆ ಮರದ ಕಾಂಡದಿಂದ ಒಂದೂವರೆ ಅಡಿ ಬಿಟ್ಟು, ಬೇರಿಗೆ ಪೆಟ್ಟಾಗದಂತೆ ನೆಲವನ್ನು ಹಗುರವಾಗಿ ಕೆದಕಬೇಕು. ಚದರ ಮೀಟರಿಗೆ ಒಂದು ಪುಟ್ಟಿಯಷ್ಟು ಕಳಿತ ಕೊಟ್ಟಿಗೆ ಗೊಬ್ಬರ ಹರಡಬೇಕು. ಮೂರು ನಾಲ್ಕು ಗೆಣ್ಣುಗಳಿರುವ 10ರಿಂದ 15 ಸೆಂ.ಮೀ. ಉದ್ದದ ತುಂಡುಗಳನ್ನು, ಒಂದೆರಡು ಗೆಣ್ಣು ಮಣ್ಣಿನಲ್ಲಿರುವಂತೆ, 20ರಿಂದ 25 ಸೆಂ.ಮೀ. ಅಂತರದಲ್ಲಿ ಊರಬೇಕು. ಬೇರು ಬರಲು ಒಂದೆರಡು ವಾರ ಸಾಕು. ನೀರು ನಿಂತರೆ ಕೊಳೆಯುತ್ತದೆ. ನೆತ್ತಿಯ ಬಿಸಿಲಿಗೆ ಎಲೆ ಸುಡುತ್ತದೆ. ಕಗ್ಗತ್ತಲೆಯಂಥ ನೆರಳಿನಲ್ಲಿ ಬಣ್ಣ ಮಾಸಿ ಕಾಂಡ ಸಣಕಲಾಗುತ್ತದೆ. ಸೋಸಿ ಬರುವ ಬೆಳಕೇ ಇದಕ್ಕೆ ಹಿತ. ಗೋಡೆ ಮತ್ತು ಕಾಲುದಾರಿಯಿಂದ ಎರಡಡಿ ನೆಲವನ್ನು ತೆರವಾಗಿಡಬೇಕು. ದಟ್ಟ ಹೊದಿಕೆಯಲ್ಲಿ ಹಾವು ಅಡಗಿದರೆ ಕಾಣದು.

ಇಷ್ಟಕ್ಕೇ ನಿಂತರೆ ಈ ಬರಹದ ಅಗತ್ಯವಿರಲಿಲ್ಲ. ಕಳೆದ ವರ್ಷ ಅಡಿಕೆ ಬೆಳೆಗಾರರೊಬ್ಬರು ನನ್ನನ್ನು ತೋಟಕ್ಕೆ ಕರೆದೊಯ್ದು, ಬಸಿಗಾಲುವೆಯ ಉದ್ದಕ್ಕೂ ಹಬ್ಬಿದ್ದ ಈ ಬಳ್ಳಿಯನ್ನು ತೋರಿಸಿ, "ಇದನ್ನು ಇಲ್ಲಿ ಯಾರೂ ನೆಟ್ಟಿಲ್ಲ" ಎಂದರು. ನೆಟ್ಟವರು ಅವರೇ. ಅಂಗಳದಲ್ಲಿ ಕತ್ತರಿಸಿದ ಬಳ್ಳಿಯನ್ನು ಗೊಬ್ಬರಗುಂಡಿಗೆ ಎಸೆದಿದ್ದರು. ಅರೆಬರೆ ಕಳಿತ ಗೊಬ್ಬರದೊಂದಿಗೆ ಅದು ತೋಟ ಸೇರಿತ್ತು. ಅಲ್ಲಿಂದ ನೀರು ಅದನ್ನು ಕೆಳಗಿನವರ ತೋಟಕ್ಕೂ ಒಯ್ದಿತ್ತು. ಅಡಿಕೆಯ ಬೇರುಗಳು ಬಹುಪಾಲು ಮೇಲುಮಣ್ಣಿನಲ್ಲೇ ಇರುವುದರಿಂದ ಕೊಟ್ಟ ಗೊಬ್ಬರದಲ್ಲಿ ಬಳ್ಳಿಗೂ ಪಾಲು. ಉದುರಿದ ಅಡಿಕೆ ಅದರಡಿ ಕಾಣದೆ ಕೊಳೆಯುತ್ತಿತ್ತು. ಕಿತ್ತ ಆಳುಗಳಿಗೆ ಕೈ ತುರಿಕೆ. ಮುರಿದು ಉಳಿದ ಪ್ರತಿ ಗೆಣ್ಣೂ ಮತ್ತೆ ಚಿಗುರಿತು. ಮೇಲಿನವರಿಗೂ ಕೆಳಗಿನವರಿಗೂ ಈಗ ಮಾತಿಲ್ಲ.

ಅಂದಕ್ಕೆಂದು ತಂದ ಲಂಟಾನ ನಮ್ಮ ಕಾಡನ್ನೂ, ಅಂತರಗಂಗೆ ನಮ್ಮ ಕೆರೆಗಳನ್ನೂ ಆವರಿಸಿದ ಕಥೆ ಹಳೆಯದು. ಜೀಬ್ರಾ ಬಳ್ಳಿಯೂ ದಕ್ಷಿಣ ಆಫ್ರಿಕ, ಆಸ್ಟ್ರೇಲಿಯಗಳಲ್ಲಿ ಕಳೆಯೆನಿಸಿದೆ. ಆದುದರಿಂದ ಬೆಳೆಸುವವರು ಕೆಲವು ಕಟ್ಟುಪಾಡುಗಳನ್ನು ಪಾಲಿಸಬೇಕು. ಪಾತಿಯ ಸುತ್ತ ಕಲ್ಲು ಅಥವಾ ಇಟ್ಟಿಗೆಯ ಅಂಚು ಕಟ್ಟಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅಂಚು ದಾಟಿದ ಕುಡಿಗಳನ್ನು ಕೈಗವಸು ಹಾಕಿಕೊಂಡು ಕತ್ತರಿಸಬೇಕು. ಕತ್ತರಿಸಿದ್ದನ್ನು ಗೊಬ್ಬರಗುಂಡಿಗಾಗಲಿ, ಹಳ್ಳಕ್ಕಾಗಲಿ, ಬೇಲಿಯಾಚೆಗಾಗಲಿ ಎಸೆಯಬಾರದು, ದನಕ್ಕೂ ಹಾಕಬಾರದು. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಪೂರ್ತಿ ಕೊಳೆತು ಸಾಯುವವರೆಗೆ ಬಿಸಿಲಿನಲ್ಲಿಡಬೇಕು.

ಅಂಗಳದ ನೀರು ನೇರವಾಗಿ ತೋಟಕ್ಕೋ ಹಳ್ಳಕ್ಕೋ ಇಳಿಯುವ ಮನೆಗಳಲ್ಲಿ ಈ ಬಳ್ಳಿ ಬೇಡವೇ ಬೇಡ. ಅಲ್ಲಿ ತೇವವಿದ್ದು ಒಂದಿಷ್ಟು ಬೆಳಕು ಬೀಳುವಲ್ಲಿ ಒಂದೆಲಗ, ನೆರಳು ಹೆಚ್ಚಿರುವಲ್ಲಿ ಹಿಪ್ಪಲಿ ಬೆಳೆಸಬಹುದು. ಎರಡೂ ನಮ್ಮ ನೆಲದ ಗಿಡಗಳು. ಒಂದು ತಂಬುಳಿಗಾದರೆ ಇನ್ನೊಂದು ಔಷಧಿಗೆ. ಏನೂ ನೆಡಲು ಮನಸ್ಸಿಲ್ಲದಿದ್ದರೆ ದರಗನ್ನು ಗುಡಿಸದೆ ಬಿಟ್ಟರೂ ಮಣ್ಣು ಉಳಿಯುತ್ತದೆ.

ಅಂಗಳದ ಅಂದಕ್ಕೆ ಯಾರ ಆಕ್ಷೇಪವೂ ಇಲ್ಲ. ಆದರೆ ನಮ್ಮ ಅಂಗಳದ ಅಂದ ಕೆಳಗಿನ ತೋಟದವರ ಕಳೆಯಾಗಬಾರದು. ನೆಂಟರ ಮನೆಯಿಂದ ಒಂದು ಕುಡಿ ತರುವ ಮೊದಲು, ನಮ್ಮ ಅಂಗಳದ ನೀರು ಎಲ್ಲಿಗೆ ಹರಿಯುತ್ತದೆಂದು ಒಮ್ಮೆ ನೋಡಿಬರುವುದು ಒಳ್ಳೆಯದು.