ಒಗರಿಗೆ ಬೇರೆ ಹೆಸರೇಕೆ?

ಪರದೇಶದ ವೈನುಗಳನ್ನು ಕುರಿತು ಕನ್ನಡದಲ್ಲಿ ಬರೆಯುವ ಮಹನೀಯರು ಈಚೆಗೆ ಹೆಚ್ಚುತ್ತಿದ್ದಾರೆ. ಬರೆಯಲಿ, ಲೋಕದ ಯಾವ ಪದಾರ್ಥಕ್ಕೂ ಕನ್ನಡದಲ್ಲಿ ಪ್ರವೇಶನಿಷೇಧವಿಲ್ಲ. ಆದರೆ ಅವರ ಲೇಖನಗಳನ್ನು ಓದುವಾಗ ನನಗೆ ಅಲಂಕಾರಶಾಸ್ತ್ರದ ಕಳಪೆ ಗೈಡುಗಳ ನೆನಪಾಗುತ್ತದೆ: ಲಕ್ಷಣಗಳ ಪಟ್ಟಿಯಿದೆ, ಕಾವ್ಯವಿಲ್ಲ. 'ಫುಲ್ ಬಾಡೀಡ್', 'ಟ್ಯಾನಿಕ್', 'ಸ್ಮೂತ್ ಫಿನಿಶ್' ಎಂದು ಇಂಗ್ಲಿಷನ್ನೇ ಕನ್ನಡ ಲಿಪಿಯಲ್ಲಿ ಕೂರಿಸಿ, ಕೊನೆಗೆ 'ಕೆಂಪಿಗೆ ಮಾಂಸ, ಬಿಳಿಗೆ ಮೀನು' ಎಂಬ ಕೋಷ್ಟಕವೊಂದನ್ನು ಅಂಟಿಸಿದರೆ ಲೇಖನ ಮುಗಿಯಿತು. ಏಕೆ ಎಂದು ಕೇಳುವಂತಿಲ್ಲ.

ಮಾದಿರಾನ್ ಎಂಬ ಕೆಂಪು ವೈನನ್ನೇ ತೆಗೆದುಕೊಳ್ಳೋಣ. ಫ್ರಾನ್ಸಿನ ನೈಋತ್ಯದಲ್ಲಿ, ಪಿರೆನೀಸ್ ಪರ್ವತಗಳ ಉತ್ತರಕ್ಕೆ, ಅದೂರ್ ನದಿಯ ಸೀಮೆಯಲ್ಲಿ ಅದರ ಹುಟ್ಟು. ಅದಕ್ಕೆ ಸರ್ಕಾರದ ಮೂಲಸ್ಥಾನದ ಮುದ್ರೆ ದೊರೆತದ್ದು 1948ರಲ್ಲಿ. ಪ್ರಧಾನ ದ್ರಾಕ್ಷಿ ತನ್ನಾ. ದಪ್ಪ ಸಿಪ್ಪೆಯದು, ಕಡುಗಪ್ಪು. ಎಳೆಯ ಮಾದಿರಾನಿನ ಒಂದು ಗುಟುಕು ಬಾಯಿಗೆ ಬಿದ್ದರೆ ನಾಲಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ಇಂಗ್ಲಿಷಿನವರು ಇದಕ್ಕೆ ಲ್ಯಾಟಿನ್ನಿನಿಂದ ಕಡ ತಂದ ಪಂಡಿತರ ಪದವೊಂದನ್ನು ಬಳಸುತ್ತಾರೆ. ನಮ್ಮಲ್ಲಿ ಬಾಳೆಕಾಯಿ ಕಚ್ಚಿದ, ನೇರಳೆಹಣ್ಣು ತಿಂದ ಮಗುವಿಗೂ ಇದರ ಹೆಸರು ಗೊತ್ತು: ಒಗರು. ಷಡ್ರಸಗಳಲ್ಲಿ ಒಂದೆಂದು ಅದಕ್ಕೆ ಪೀಠ ಹಾಕಿಕೊಟ್ಟ ಜನ ನಾವು. ಆ ಪದವನ್ನು ಮನೆಯಲ್ಲಿಟ್ಟುಕೊಂಡು 'ಟ್ಯಾನಿಕ್' ಎಂದು ಬರೆಯುವುದು ಯಾವ ದಾರಿದ್ರ್ಯ!

ಪದ ಬಂದರೆ ಕಾರಣವೂ ಬರುತ್ತದೆ. ಸಿಪ್ಪೆ ಬೀಜಗಳಿಂದ ಇಳಿದ ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನುಗಳನ್ನು ಹಿಡಿದು ಗಂಟುಹಾಕುತ್ತದೆ. ಬಾಯಿಯ ಜಾರುತನ ಹೋಗಿ ಒಣಗಿದಂತಾಗುತ್ತದೆ. ಆಗ ಬಾಯಲ್ಲಿ ಜಿಡ್ಡು, ಉಪ್ಪು, ಮಾಂಸದ ಸತ್ತ್ವ ಇದ್ದರೆ ಒಗರು ತಗ್ಗುತ್ತದೆ. ಒಗರು ಪ್ರತಿಯಾಗಿ ಜಿಡ್ಡಿನ ಮೊಂಡುತನವನ್ನು ಮುರಿಯುತ್ತದೆ. ಊಟವಾದ ಮೇಲೆ ಅಡಕೆ ಹಾಕಿಕೊಳ್ಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಸೀಮೆಯ ಅಡುಗೆಯೋ ಬಾತು, ಹೆಬ್ಬಾತುಗಳ ಕೊಬ್ಬಿನಲ್ಲಿಯೇ ಮಿಂದದ್ದು. ಬಾತಿನ ಕಾಲನ್ನು ಉಪ್ಪಿನಲ್ಲಿ ಊರಿಸಿ, ಅದರದೇ ಕೊಬ್ಬಿನಲ್ಲಿ ಸಣ್ಣ ಉರಿಯ ಮೇಲೆ ಗಂಟೆಗಟ್ಟಲೆ ಬೇಯಿಸಿ, ಆ ಕೊಬ್ಬಿನೊಳಗೇ ಹುದುಗಿಸಿಡುತ್ತಾರೆ, ಅದು 'ಕಾನ್ಫಿ'. ಬಿಳಿಯ ಬೀನ್ಸ್ ಕಾಳು, ಹಂದಿಮಾಂಸ, ಸಾಸೇಜುಗಳೊಡನೆ ಈ ಕಾನ್ಫಿಯನ್ನು ಮಣ್ಣಿನ ಪಾತ್ರೆಯಲ್ಲಿ ನಿಧಾನವಾಗಿ ಬೇಯಿಸಿದರೆ ತುಲೂಸ್ ಕಡೆಯ 'ಕಸುಲೆ'. ಇವುಗಳ ಪಕ್ಕದಲ್ಲಿ ಮಾದಿರಾನ್ ಕುಳಿತಾಗ ಅದರ ಒಗರು ದೋಷವೆನಿಸುವುದಿಲ್ಲ. ಮಾಂಸ ಮುಟ್ಟದವರಿಗೆ ಪಿರೆನೀಸಿನ ಕುರಿಹಾಲಿನ ಓಸೊ-ಇರಾಟಿ ಚೀಸ್ ಉಂಟು.

ಇಲ್ಲಿ ಪರಂಪರೆಯ ಭಕ್ತರಿಗೂ ಒಂದು ಮಾತು. ಬಾತಿನ ಎದೆಮಾಂಸವಾದ 'ಮಾಗ್ರೆ'ಯನ್ನು ಅರೆಬೆಂದಂತೆ ಬಡಿಸುವುದು ಅಲ್ಲಿಯ ಅನಾದಿ ಸಂಪ್ರದಾಯವೆಂದು ಬರೆಯುವುದುಂಟು. ಅದನ್ನು ಪ್ರಸಿದ್ಧಿಗೆ ತಂದವರು ಓಶ್ ಪಟ್ಟಣದ ಬಾಣಸಿಗ ಆಂದ್ರೇ ದಾಗೆಂ, 1950ರ ದಶಕದ ಕೊನೆಗೆ. ಅನಾದಿಗೆ ಎಪ್ಪತ್ತರ ಆಸುಪಾಸಿನ ಪ್ರಾಯ! ಆ ಜೋಡಿ ಒಪ್ಪುತ್ತದೆ, ನಿಜ. ಒಪ್ಪಿಸುವುದು ಅದರ ಕೊಬ್ಬು.

ಇನ್ನು 'ಸ್ಮೂತ್' ಎಂಬ ಪ್ರಶಸ್ತಿ. 1991ರಲ್ಲಿ ಮಾದಿರಾನಿನವರೇ ಆದ ಪಾಟ್ರಿಕ್ ದ್ಯುಕೂರ್ನೊ, ತೊಟ್ಟಿಯಲ್ಲಿರುವ ವೈನಿಗೆ ಆಮ್ಲಜನಕದ ಅತಿ ಸಣ್ಣ ಗುಳ್ಳೆಗಳನ್ನು ಬಿಟ್ಟು ಟ್ಯಾನಿನನ್ನು ಮೆತ್ತಗಾಗಿಸುವ ವಿಧಾನವೊಂದನ್ನು ರೂಪಿಸಿದರು. ವರ್ಷಗಟ್ಟಲೆ ಕಾಯಬೇಕಾಗಿದ್ದ ವೈನು ಬೇಗ ಕುಡಿಯುವಂತಾಯಿತು. ಬೆಳೆಗಾರನೂ ಬದುಕಬೇಕಷ್ಟೆ, ಅವನನ್ನು ನಾನು ದೂರುವುದಿಲ್ಲ. ದೂರಬೇಕಾದದ್ದು ನುಣುಪನ್ನೇ ಗುಣದ ಅಳತೆಗೋಲು ಮಾಡಿಕೊಂಡ ವಿಮರ್ಶಕರನ್ನು. ತಟ್ಟೆಯಿಲ್ಲದೆ, ಬರಿಯ ಲೋಟಗಳ ಸಾಲಿನ ಮುಂದೆ ನಿಂತು, ಗುಟುಕರಿಸಿ ಉಗುಳಿ ಅಂಕ ಹಾಕುವ ಪರೀಕ್ಷೆಯಲ್ಲಿ ಮಾದಿರಾನ್ ಹಿಂದೆ ಬೀಳದೆ ಏನಾದೀತು? ದ್ವಿಪದಿಯ ಒಂದೇ ಸಾಲನ್ನು ಓದಿ ಅಂತ್ಯಪ್ರಾಸವಿಲ್ಲವೆಂದು ಆಕ್ಷೇಪಿಸಿದಂತಾಯಿತು.

ಹಾಗೆಂದು ತನ್ನಾ ದೇಶಾಂತರ ಹೋಗಬಾರದೆಂದು ನಾನು ಹೇಳುತ್ತಿಲ್ಲ. 19ನೆಯ ಶತಮಾನದಲ್ಲಿ ಬಾಸ್ಕ್ ವಲಸೆಗಾರರೊಡನೆ ಅದು ಉರುಗ್ವೆಗೆ ಹೋಯಿತು. ಅಲ್ಲಿ ಕೆಂಡದ ಮೇಲೆ ಸುಟ್ಟ ಗೋಮಾಂಸದ ಜಿಡ್ಡಿನೊಡನೆ ಚೆನ್ನಾಗಿಯೇ ಬಾಳುತ್ತಿದೆ. ನಮ್ಮ ಲೇಖಕರೋ 'ಗಡುಸಿಗೆ ಗಡುಸು' ಎಂಬ ತರ್ಕ ಹೂಡಿ, ಮೆಣಸಿನಕಾಯಿ ಅರೆದು ಹಾಕಿದ ಕೋಳಿಸಾರಿಗೆ ಇದೇ ವೈನನ್ನು ಶಿಫಾರಸು ಮಾಡುತ್ತಾರೆ. ಖಾರದ ಉರಿಯನ್ನು ಮದ್ಯಸಾರ ಕೆದಕುತ್ತದೆ. ಉರಿಯುವ ನಾಲಗೆಯ ಮೇಲೆ ಟ್ಯಾನಿನ್ ಇನ್ನಷ್ಟು ಒರಟಾಗುತ್ತದೆ. 'ಒಗರು' ಎಂದು ಮೊದಲೇ ಬರೆದಿದ್ದರೆ, ಅವರ ಓದುಗನು ಆ ಸಾರಿನ ಪಕ್ಕದಲ್ಲಿ ಈ ಸೀಸೆಯನ್ನು ಇಡುತ್ತಲೇ ಇರಲಿಲ್ಲ.