ಮೂರು ಗುಂಡುಗಳ ಸಾಕ್ಷ್ಯ ಸಾಲದು

ಬೆಳೆ ಹಾಳುಮಾಡುವ ಕಾಡುಪ್ರಾಣಿಗಳನ್ನು ಕೊಲ್ಲಬೇಕೇ ಬೇಡವೇ ಎಂಬ ಚರ್ಚೆ ನಮ್ಮಲ್ಲಿ ಪದೇ ಪದೇ ಏಳುತ್ತದೆ. ಫಸಲು ಕಳೆದುಕೊಂಡ ರೈತ ಒಂದೆಡೆ, ವನ್ಯಜೀವಿಪ್ರಿಯರು ಇನ್ನೊಂದೆಡೆ. ಈ ಗದ್ದಲದಲ್ಲಿ ಅಳತೆಯ ಮಾತು ಯಾರಿಗೂ ಬೇಡವಾಗಿದೆ. ವಿಚಿತ್ರವೆಂದರೆ, ಆ ಪಾಠವನ್ನು ನಾವು ಅಮೆರಿಕದ ಬೇಟೆಗಾರರಿಂದ ಕಲಿಯಬಹುದು.

ಅಲ್ಲಿನ ಪಶ್ಚಿಮದ ಹುಲ್ಲುಗಾವಲುಗಳಲ್ಲಿ, ಬಿಲ ತೋಡುವ ಅಳಿಲಿನ ಜಾತಿಯ ‘ಪ್ರೇರಿ ಡಾಗ್’ ಉಪದ್ರವಕಾರಿ ಎಂದೇ ಗುಂಡಿಗೆ ಗುರಿಯಾಗುವ ಪ್ರಾಣಿ. ಇದನ್ನು ಬೇಟೆಯಾಡುವ ಅನೇಕರು ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತಾರೆ. ಖಾಲಿ ತೋಟಾಕ್ಕೆ ಹೊಸ ಕೇಪು ಕೂರಿಸಿ, ಮದ್ದನ್ನು ತೂಗಿ ಸುರಿದು, ಗುಂಡು ಸೇರಿಸುತ್ತಾರೆ. ಪ್ರತಿ ಗುಂಡೂ ಒಂದೇ ವೇಗದಲ್ಲಿ ಹೊರಡಬೇಕೆಂಬುದು ಉದ್ದೇಶ. ಇದನ್ನು ಪರೀಕ್ಷಿಸಲು ಕ್ರೋನೋಗ್ರಾಫ್ ಎಂಬ ಉಪಕರಣವಿದೆ. ಹಳೆಯ ಮಾದರಿ, ಗುಂಡಿನ ನೆರಳು ಎರಡು ಸಂವೇದಕಗಳನ್ನು ದಾಟುವ ಕಾಲವನ್ನು ಅಳೆಯುತ್ತಿತ್ತು. ಈಗ ಅಂಗೈಯಗಲದ ರೇಡಾರ್‌ಗಳೂ ಬಂದಿವೆ.

ಇದು ಬರಿಯ ಹವ್ಯಾಸಿಗಳ ಗೀಳಲ್ಲ. ಸೆಕೆಂಡಿಗೆ ಸುಮಾರು 3,200 ಅಡಿ ವೇಗದ ಹಗುರ ಗುಂಡಿನಲ್ಲಿ ನೂರು ಅಡಿಯ ವ್ಯತ್ಯಾಸವಾದರೆ, 400 ಗಜ ದೂರದಲ್ಲಿ ಅದು ಎರಡು–ಮೂರು ಅಂಗುಲ ಮೇಲೆ ಕೆಳಗೆ ಬೀಳುತ್ತದೆ. ಅಷ್ಟು ಚಿಕ್ಕ ಪ್ರಾಣಿಗೆ, ತಕ್ಷಣದ ಸಾವಿಗೂ ಗಾಯಗೊಂಡು ಬಿಲದೊಳಗೆ ನರಳುವುದಕ್ಕೂ ನಡುವಿನ ಅಂತರ ಅಷ್ಟೇ.

ಆದರೆ ನನ್ನ ಗಮನ ಸೆಳೆದದ್ದು ಉಪಕರಣವಲ್ಲ, ಅದನ್ನು ನಂಬುವ ಬಗೆ. ಮೂರು ಗುಂಡು ಹಾರಿಸಿ, ವೇಗದ ಮಾನಕ ವಿಚಲನೆ 10 ಅಡಿ ಎಂದು ಬಂದರೆ ಬೇಟೆಗಾರ ಹಿಗ್ಗುತ್ತಾನೆ. ಸಂಖ್ಯಾಶಾಸ್ತ್ರ ಹಾಗೆ ಹಿಗ್ಗಲು ಬಿಡುವುದಿಲ್ಲ. ಶೇ 95ರ ವಿಶ್ವಾಸದ ಲೆಕ್ಕದಲ್ಲಿ ನಿಜವಾದ ವಿಚಲನೆ 5 ಅಡಿಯೂ ಇರಬಹುದು, 60ನ್ನೂ ಮೀರಿರಬಹುದು. ಐದು ಗುಂಡುಗಳಾದರೆ ಈ ವ್ಯಾಪ್ತಿ 6ರಿಂದ 29. ಮೂವತ್ತು ಗುಂಡುಗಳಾದಾಗಲಷ್ಟೇ ಅದು 8ರಿಂದ 13ಕ್ಕೆ ಇಳಿಯುತ್ತದೆ. ಯಂತ್ರ ಸುಳ್ಳು ಹೇಳಿರುವುದಿಲ್ಲ. ನಾವು ಅದನ್ನು ಸಾಕಷ್ಟು ಸಲ ಕೇಳಿರುವುದಿಲ್ಲ.

ನಮ್ಮ ಆಡಳಿತದ ನಡೆ ಆ ಅವಸರದ ಬೇಟೆಗಾರನದೇ ಆಗಿಬಿಡಬಾರದು. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಸರ್ಕಾರ 2015ರಲ್ಲಿ ಬಿಹಾರದ ನೀಲಗಾಯ್ ಮತ್ತು ಕಾಡುಹಂದಿಗಳನ್ನು, 2016ರಲ್ಲಿ ಉತ್ತರಾಖಂಡದ ಕಾಡುಹಂದಿಗಳನ್ನು ನಿಗದಿತ ಪ್ರದೇಶಗಳಲ್ಲಿ ಉಪದ್ರವಕಾರಿ ಎಂದು ಘೋಷಿಸಿತು. ಕೇರಳ 2022ರಲ್ಲಿ ಕಾಡುಹಂದಿ ಕೊಲ್ಲಲು ಆದೇಶಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೇ ಕೊಟ್ಟಿತು. ಕೊಲ್ಲುವ ಮುನ್ನ ಹಂದಿಗಳೆಷ್ಟಿದ್ದವು, ಕೊಂದ ಮೇಲೆ ಬೆಳೆನಷ್ಟ ಎಷ್ಟು ಇಳಿಯಿತು ಎಂಬ ಲೆಕ್ಕ ಹಲವು ಹಂಗಾಮುಗಳ ಕಾಲ ನಡೆಯದ ಹೊರತು ಇಂಥ ಆದೇಶಗಳು ಫಲಿಸಿದವೋ ಇಲ್ಲವೋ ಹೇಳಲಾಗದು. ಒಂದು ಹಂಗಾಮಿನ ದೂರುಗಳೆಂದರೆ ಮೂರು ಗುಂಡುಗಳ ಸಾಕ್ಷ್ಯ.

ಗುಂಡಿನ ವೇಗವನ್ನು ಇಷ್ಟು ನಿಖರವಾಗಿ ಅಳೆದ ಅಮೆರಿಕವೂ ಗುಂಡಿಗೆ ಗುರಿಯಾದ ಜೀವದ ಬೆಲೆಯನ್ನು ಅಳೆಯಲು ತಡಮಾಡಿತು. ಪ್ರೇರಿ ಡಾಗ್‌ಗಳನ್ನು ವಿಷವಿಟ್ಟು ಅಳಿಸುತ್ತ ಬಂದಾಗ, ಪ್ಲೇಗ್ ರೋಗವೂ ಸೇರಿ, ಅವನ್ನೇ ತಿಂದು ಬದುಕುವ ಕಪ್ಪು ಪಾದದ ಫೆರೆಟ್ ನಿರ್ನಾಮವಾಯಿತೆಂದೇ ಭಾವಿಸಲಾಗಿತ್ತು. 1981ರಲ್ಲಿ ವಯೋಮಿಂಗ್‌ನ ಮಿಟೀಟ್ಸಿ ಬಳಿ ಅದು ಮತ್ತೆ ಕಂಡಿತು. 1987ರ ಹೊತ್ತಿಗೆ ಉಳಿದದ್ದು 18 ಮಾತ್ರ.

ರೈತ ಸಂಖ್ಯಾಶಾಸ್ತ್ರಜ್ಞರಿಗಾಗಿ ಕಾಯುತ್ತ ಕೂರಬೇಕೆಂದು ನಾನು ಹೇಳುತ್ತಿಲ್ಲ. ಪರಿಹಾರ ಇಂದೇ ಸಿಗಲಿ. ಕೋವಿಯ ಅನುಮತಿ ಮಾತ್ರ ಲೆಕ್ಕದ ನಂತರ ಬರಲಿ.